ಸೈಟು ಕೊಟ್ಟವರ ಋಣ

ಪಂಚಾಯ್ತಿ ಚುನಾವಣೆ ಹತ್ತಿರ ಬಂತೆಂದರೆ ಕೌದಳ್ಳಿ, ರಾಮಾಪುರ, ಹನೂರಿನ ಸೀಮೆಯಲ್ಲಿ ಕೇರಿಗೆ ಬರುವವರೆಲ್ಲರ ಬಾಯಲ್ಲೂ ಒಂದೇ ಮಾತು: ಮನೆ. “ಈ ಸಲ ನಿನ್ನ ಹೆಸರು ಲಿಸ್ಟ್‌ನಲ್ಲಿ ಬಂದೇ ಬತ್ತದ ಕಣಪ್ಪ.” “ನಿಮ್ಮವ್ವನ ಹೆಸ್ರಿಗೆ ಸೈಟು ನಾ ಮಾಡುಸ್ಕೊಡ್ತಿನಿ, ನೋಡ್ತಿರವ್ವ.” ಐದು ವರ್ಷ ಕಳೆದು ಮತ್ತೆ ವೋಟು ಬಂದಾಗ ಅದೇ ಕೇರಿಯ ಒಳಗಿನಿಂದ ಇನ್ನೊಂದು ಮಾತು ಕೇಳುತ್ತದೆ: “ಅವ್ರು ನಮ್ಗ ಮನ ಕೊಡ್ಸವ್ರ. ಅವ್ರ ಋಣ ತೀರಿಸ್ದೆ ಇದ್ರ ಮಾದಪ್ಪ ಮೆಚ್ಚನಾ?”

ನಾನು ಬರೆಯಬೇಕೆಂದಿರುವುದು ಈ ಎರಡನೆಯ ಮಾತಿನ ಬಗ್ಗೆ. ಮನೆ ಕೊಡಿಸಿದವನಿಗೆ ವೋಟು ಹಾಕಬೇಕಾದ್ದು ಧರ್ಮವೇ? ಹಾಕದಿದ್ದರೆ ಅದು ಕೃತಘ್ನತೆಯೇ?

ನಮ್ಮ ವಿದ್ಯಾವಂತರು ಈ ಪ್ರಶ್ನೆಯನ್ನು ಕೇಳಿ ನಗುತ್ತಾರೆ. ಬಡವರು ದುಡ್ಡಿಗೆ, ಹೆಂಡಕ್ಕೆ, ಸೀರೆಗೆ ವೋಟು ಮಾರಿಕೊಳ್ಳುತ್ತಾರೆಂದು ಪೇಪರಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಆದರೆ ಮಾರುವವನು ಬೆಲೆ ಕೇಳುತ್ತಾನೆ. ಋಣ ಎನ್ನುವವಳು ಯಾರ ಹತ್ತಿರವೂ ಏನೂ ಕೇಳುತ್ತಿಲ್ಲ, ತನ್ನ ಎದೆಯನ್ನೇ ಕೇಳಿಕೊಳ್ಳುತ್ತಿದ್ದಾಳೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬದುಕಿದ ಜನದ ಮಾತು ಅದು. ಅದರಲ್ಲಿರುವ ನಿಯತ್ತನ್ನು ಒಪ್ಪಿಕೊಂಡೇ ಅದರ ಜೊತೆ ವಾದಕ್ಕಿಳಿಯಬೇಕು. ಏಕೆಂದರೆ ಬಡವರ ಈ ನಿಯತ್ತೇ ಬಲಿಷ್ಠರಿಗೆ ಬಂಡವಾಳವಾಗಿರುವುದು.

ಮೊದಲು ಲೆಕ್ಕ ನೋಡೋಣ. ಕೊಟ್ಟವರು ಯಾರು?

ಮನೆ ನಿವೇಶನಕ್ಕಾಗಿ ಖಾಸಗಿ ಜಮೀನನ್ನೂ ಸರ್ಕಾರ ವಶಪಡಿಸಿಕೊಳ್ಳಬಹುದೆಂದು ಕರ್ನಾಟಕದಲ್ಲಿ 1972ರಲ್ಲೇ ಕಾಯಿದೆ ಆಯಿತು. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆಗಳು ಬಂದವು. 1985ರಲ್ಲಿ ಇಂದಿರಾ ಆವಾಸ್, 1991-92ರಲ್ಲಿ ಆಶ್ರಯ, 2016ರಲ್ಲಿ ಪ್ರಧಾನಮಂತ್ರಿ ಆವಾಸ್. ನಡುವೆ 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಎಂಬುದೊಂದು ಹುಟ್ಟಿತು. ಅಂಬೇಡ್ಕರ್ ಹೆಸರಿನಲ್ಲಿ, ಬಸವಣ್ಣನ ಹೆಸರಿನಲ್ಲಿ, ದೇವರಾಜ ಅರಸರ ಹೆಸರಿನಲ್ಲಿ, ವಾಜಪೇಯಿಯವರ ಹೆಸರಿನಲ್ಲಿ ಒಂದೊಂದು ಯೋಜನೆ. ಈ ಹೆಸರುಗಳನ್ನು ಸಾಲಾಗಿ ಓದಿ ನೋಡಿ. ಬಾಗಿಲ ಮೇಲಿನ ಫಲಕದಲ್ಲಿ ಕೊಟ್ಟವರ ಹೆಸರೇ ಇರುತ್ತದೆ. ಆ ಮನೆಗೆ ಮಣ್ಣು ಹೊತ್ತವರ ಹೆಸರು ಎಲ್ಲಿಯೂ ಇಲ್ಲ.

2016ರ ಯೋಜನೆಯನ್ನೇ ತೆಗೆದುಕೊಳ್ಳಿ. ಬಯಲು ಪ್ರದೇಶದ ಒಂದು ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಎಂದು ಗೊತ್ತುಮಾಡಿದರು. ಅದರಲ್ಲಿ ನೂರಕ್ಕೆ 60 ದಿಲ್ಲಿಯದು, 40 ರಾಜ್ಯದ್ದು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಇದರ ಮೇಲೆ ತನ್ನ ಮನೆಗೆ ತಾನೇ ದುಡಿದ 90 ದಿನಗಳ ಕೂಲಿಯನ್ನು ಉದ್ಯೋಗ ಖಾತರಿಯ ಲೆಕ್ಕದಲ್ಲಿ ಕೊಡುವ ನಿಯಮವಿತ್ತು. ಇದರಲ್ಲಿ ಪಂಚಾಯ್ತಿ ಮೆಂಬರು ಹಾಕಿದ ದುಡ್ಡು ಎಷ್ಟು? ಸೊನ್ನೆ. ದಿಲ್ಲಿಯ ದುಡ್ಡು, ಬೆಂಗಳೂರಿನ ದುಡ್ಡು ಎಂದೆವಲ್ಲ, ಅದು ಯಾರ ದುಡ್ಡು? ಸೋಪಿಗೆ, ಬೆಂಕಿಪೊಟ್ಟಣಕ್ಕೆ, ಮಗುವಿನ ಚಪ್ಪಲಿಗೆ ಕೊಡುವ ದುಡ್ಡಿನಲ್ಲೇ ತೆರಿಗೆ ಕಟ್ಟುತ್ತಿರುವ ಕೂಲಿ ಹೆಂಗಸಿನದೂ ಅದರಲ್ಲಿದೆ.

ಹೋಗಲಿ, ಹೆಸರು ಬರೆಸಿದ್ದಾದರೂ ಮೆಂಬರಲ್ಲವೇ? ಅದೂ ಇಲ್ಲ. 1993ರ ಪಂಚಾಯತ್ ರಾಜ್ ಕಾಯಿದೆ ಪ್ರಕಾರ ಯಾರಿಗೆ ಮನೆ ಬೇಕೆಂದು ಆರಿಸಬೇಕಾದ್ದು ಗ್ರಾಮಸಭೆ. ಅಂದರೆ ಊರಿನ ಎಲ್ಲ ಮತದಾರರೂ ಕೂತ ಸಭೆ. ಆ ಸಭೆ ಎಷ್ಟು ಕಡೆ ನಿಜವಾಗಿ ಕೂಡುತ್ತದೆ, ಎಷ್ಟು ಕಡೆ ಮನೆ ಮನೆಗೆ ಪುಸ್ತಕ ಕಳಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ ಎಂಬುದು ಓದುಗರಿಗೇ ಗೊತ್ತಿದೆ. ಸಭೆ ಕೂತು ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಅದು ಹಕ್ಕಾಗುತ್ತದೆ. ಅದೇ ಪಟ್ಟಿ ಮೆಂಬರನ ಜೇಬಿನಲ್ಲಿದ್ದರೆ ಉಪಕಾರವಾಗುತ್ತದೆ. ಪಟ್ಟಿ ಒಂದೇ, ಹಣ ಒಂದೇ. ಸಭೆಯಿಂದ ಜೇಬಿಗೆ ಹೋಗುವ ದಾರಿಯಲ್ಲಿ ಹಕ್ಕು ಋಣವಾಗಿ ಮಾರ್ಪಟ್ಟಿದೆ.

ಭಾಷೆಯೂ ಈ ಕೆಲಸಕ್ಕೆ ಕೈಜೋಡಿಸಿದೆ. ಮನೆ ಸಿಕ್ಕವನನ್ನು ಸರ್ಕಾರಿ ಕಾಗದ ಏನೆಂದು ಕರೆಯುತ್ತದೆ? ಫಲಾನುಭವಿ. ಕಾಲುವೆ ನೀರು ಪಡೆದ ಗೌಡನನ್ನು ರೈತ ಎನ್ನುತ್ತಾರೆ. ನೂರಾರು ಎಕರೆಯನ್ನು ರಿಯಾಯಿತಿಯಲ್ಲಿ ಪಡೆದ ಕಂಪನಿಯ ಯಜಮಾನನನ್ನು ಉದ್ಯಮಿ, ಹೂಡಿಕೆದಾರ ಎನ್ನುತ್ತಾರೆ. ಅವರಾರೂ ಸರ್ಕಾರದ ಫಲವನ್ನು ಅನುಭವಿಸುತ್ತಿಲ್ಲವಂತೆ! ಇಪ್ಪತ್ತು ಮೂವತ್ತರ ಸೈಟಿನಲ್ಲಿ ಗೋಡೆ ಎಬ್ಬಿಸುತ್ತಾ, ಪಾಯ ಆಯಿತು ಬಿಲ್ಲು ಆಗಲಿಲ್ಲ, ಲಿಂಟಲ್ ಆಯಿತು ಫೋಟೋ ತೆಗೆಯಲಿಲ್ಲ ಎಂದು ಪಂಚಾಯ್ತಿ ಆಫೀಸಿಗೆ ತಿರುಗಿ ತಿರುಗಿ, ಕೊನೆಗೆ ಕೈಸಾಲ ಮಾಡಿ ತಾರಸಿ ಹಾಕಿಸುವವನೊಬ್ಬನೇ ಫಲಾನುಭವಿ.

ಇನ್ನು ಋಣದ ಲೆಕ್ಕವನ್ನೇ ತೆಗೆಯುವುದಾದರೆ ಪೂರ್ತಿ ತೆಗೆಯೋಣ. ಅರ್ಧ ಪುಟ ಓದಿ ಪುಸ್ತಕ ಮುಚ್ಚುವುದು ಬೇಡ. ಊರಿನ ತೋಟಿ, ತಳವಾರಿಕೆ ಮಾಡಿದವರು ಯಾರು? ಸತ್ತ ದನ ಎಳೆದವರು, ಸಾವಿನ ಸುದ್ದಿ ಹೊತ್ತು ಹತ್ತಾರು ಮೈಲಿ ನಡೆದವರು, ತಮಟೆ ಬಡಿದವರು, ಕೆರೆಯ ಹೂಳು ತೆಗೆದವರು ಯಾರು? ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1961ರಲ್ಲಿ. ಜೀತ ರದ್ದಾದದ್ದು 1976ರ ಕಾಯಿದೆಯಿಂದ. ಅಲ್ಲಿಯ ತನಕ, ಹಲವು ಕಡೆ ಅದರ ನಂತರವೂ, ಊರು ಕೇರಿಯಿಂದ ತೆಗೆದುಕೊಂಡ ದುಡಿಮೆಗೆ ಯಾವ ಶಾನುಭೋಗರು ಲೆಕ್ಕ ಬರೆದರು? ಊರಿಗೇ ಕೇರಿಯ ಋಣವಿದೆ. ಒಂದು ಸೈಟಿನಿಂದ ಅದು ತೀರುವುದಿಲ್ಲ.

ಆದರೆ ನಾನು ಈ ವಾದವನ್ನು ಇಲ್ಲಿಗೇ ನಿಲ್ಲಿಸಲಾರೆ. “ನೀವೇ ನಮಗೆ ಬಾಕಿ” ಎಂದು ತಿರುಗಿಸಿ ಹೇಳುವುದರಲ್ಲಿ ಸಂತೋಷವಿದೆ, ನಿಜ. ಆದರೂ ಲೆಕ್ಕದ ಪುಸ್ತಕ ಇನ್ನೂ ಸಾಹುಕಾರನ ಮನೆಯಲ್ಲೇ ಇರುತ್ತದೆ. ಜೀತದ ನೆನಪು ಇಲ್ಲಿ ನಮಗೆ ಪಾಠವಾಗಬೇಕು. ಜೀತದಾಳನ್ನು ಕಟ್ಟಿಹಾಕಿದ್ದು ಬರೀ ಚಾಟಿಯಲ್ಲ. ಅಪ್ಪ ತಂದ ಸಾಲವನ್ನು ಮಗ ತೀರಿಸಬೇಕು, ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಅವನ ಮರ್ಯಾದೆಯೂ ಕಟ್ಟಿಹಾಕಿತು. ಓಡಿಹೋಗಬಹುದಾಗಿದ್ದವರೂ ಎಷ್ಟೋ ಜನ ಓಡಿಹೋಗಲಿಲ್ಲ. ಸಾಲ ಎಷ್ಟಿತ್ತು, ಎಷ್ಟು ತೀರಿತು ಎಂದು ಹೇಳುವ ಅಧಿಕಾರ ಮಾತ್ರ ಒಡೆಯನದು. ಮನೆಯ ಋಣದ ವೋಟೂ ಹೀಗೆಯೇ. ಒಂದು ಚುನಾವಣೆಗೆ ತೀರಿತೇ, ಎರಡಕ್ಕೆ ತೀರಿತೇ, ಮಗನ ಕಾಲಕ್ಕೂ ಉಳಿಯಿತೇ? ಹೇಳುವವನು ಅವನೇ. ಆದ್ದರಿಂದ ಮನೆಯನ್ನು ಋಣದ ಭಾಷೆಯಿಂದಲೇ ಹೊರಗೆ ತರಬೇಕು.

ಕೋರ್ಟು ಈ ಮಾತನ್ನು ಹೇಳಿ ದಶಕಗಳಾದವು. ಉತ್ತರ ಪ್ರದೇಶದ ಒಂದು ಹಳ್ಳಿಯಲ್ಲಿ ದಲಿತರಿಗೆ ಮನೆ ಕಟ್ಟಲೆಂದು ಸರ್ಕಾರ ಜಮೀನು ವಶಪಡಿಸಿಕೊಂಡಾಗ ಜಮೀನಿನ ಒಡೆಯರು ಸುಪ್ರೀಂ ಕೋರ್ಟಿಗೆ ಹೋದರು. 1995ರ ಡಿಸೆಂಬರಿನಲ್ಲಿ, ಚಮೇಲಿ ಸಿಂಗ್ ಪ್ರಕರಣದಲ್ಲಿ, ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ಬದುಕುವ ಹಕ್ಕಿನಲ್ಲಿ ಸೂರಿನ ಹಕ್ಕೂ ಸೇರಿದೆ ಎಂದಿತು. ಸೂರು ಎಂದರೆ ತಲೆಯ ಮೇಲಿನ ಮಾಡು ಮಾತ್ರವಲ್ಲ, ಸಾಕಷ್ಟು ಜಾಗ, ಗಾಳಿ ಬೆಳಕು, ನೀರು, ಚರಂಡಿ, ರಸ್ತೆ ಎಲ್ಲವೂ ಎಂದಿತು. ಕೇರಿಯ ಮನೆಗೂ ಈ ದೇಶದ ಅತ್ಯುಚ್ಚ ನ್ಯಾಯಾಲಯದ ಮಾತಿಗೂ ಸಂಬಂಧವಿದೆಯೆಂದು ಕೌದಳ್ಳಿಯ ಯಾವ ಅವ್ವನಿಗಾದರೂ ಯಾವ ಅಭ್ಯರ್ಥಿಯಾದರೂ ಹೇಳಿದ್ದಾನೆಯೇ? ಹೇಳಿದರೆ ಅವನಿಗೆ ನಷ್ಟ. ಹಕ್ಕು ಎಂದು ಗೊತ್ತಾದವಳು ಕೈಮುಗಿಯುವುದಿಲ್ಲ.

ಮನೆ ಸಿಕ್ಕಿತೇ ಎಂಬ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡದೊಂದು ಪ್ರಶ್ನೆ ಇದೆ: ಎಲ್ಲಿ ಸಿಕ್ಕಿತು?

ಊರಿನ ನಕ್ಷೆಯನ್ನು ಬಿಡಿಸಿದವರು ಯಾರು? ಗಾಳಿ ಬೀಸುವ ದಿಕ್ಕು, ನೀರು ಹರಿಯುವ ದಿಕ್ಕು ನೋಡಿಯೇ ಹಿಂದಿನವರು ಕೇರಿಯನ್ನು ಎಲ್ಲಿಡಬೇಕೆಂದು ಗೊತ್ತುಮಾಡಿದರು. ಆ ಕಾಲದ ಮನುಧರ್ಮಕ್ಕೆ ಟೇಪು ಹಿಡಿದ ಇಂಜಿನಿಯರು ಇರಲಿಲ್ಲ. ಈಗ ಇದ್ದಾನೆ. ಸರ್ಕಾರದ ದುಡ್ಡಿನಲ್ಲಿ, ಸರ್ಕಾರದ ಸರ್ವೆ ನಂಬರಿನಲ್ಲಿ, ಊರಿನ ಹೊರಗೆ, ಸ್ಮಶಾನದ ಪಕ್ಕ, ಕೆರೆಯ ಹಿನ್ನೀರಿನ ತಗ್ಗಿನಲ್ಲಿ, ಯಾರಿಗೂ ಬೇಡವಾದ ಕಲ್ಲುಗುಡ್ಡೆಯಲ್ಲಿ ಸಾಲು ಮನೆ ಕಟ್ಟಿ ಕಾಲೋನಿ ಎಂದು ಹೆಸರಿಡುತ್ತಾರೆ. ಹೆಸರು ಬದಲಾಯಿತು, ದಿಕ್ಕು ಬದಲಾಗಲಿಲ್ಲ. ದಕ್ಷಿಣ ಆಫ್ರಿಕದ ಬಿಳಿಯರು ಇದಕ್ಕಾಗಿ 1950ರಲ್ಲಿ ಒಂದು ಕಾಯಿದೆ ಮಾಡಬೇಕಾಯಿತು. ಯಾವ ಬಣ್ಣದವರು ಯಾವ ಬಡಾವಣೆಯಲ್ಲಿ ಇರಬೇಕೆಂದು ಗೆರೆ ಎಳೆದರು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯನ್ನು 1966ರಲ್ಲಿ ಬಿಳಿಯರದೆಂದು ಘೋಷಿಸಿ 60 ಸಾವಿರಕ್ಕೂ ಹೆಚ್ಚು ಜನರನ್ನು ಎತ್ತಂಗಡಿ ಮಾಡಿದರು. ಜಗತ್ತು ಅದನ್ನು ಕಂಡು ಛೀ ಎಂದಿತು. ನಮ್ಮಲ್ಲಿ ಗೆರೆ ಎಳೆಯಲು ಕಾಯಿದೆ ಬೇಕಾಗಲೇ ಇಲ್ಲ. ಆದ್ದರಿಂದ ಛೀ ಎನ್ನುವವರೂ ಇಲ್ಲ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಪ್ರತ್ಯೇಕ ಹಳ್ಳಿಗಳು ಬೇಕೆಂದು ಅಂಬೇಡ್ಕರರೇ ಕೇಳಲಿಲ್ಲವೇ? ಕೇಳಿದರು. 1942ರ ಜುಲೈಯಲ್ಲಿ ನಾಗಪುರದ ಸಮ್ಮೇಳನದಲ್ಲಿ ಆ ಬೇಡಿಕೆ ಬಂತು. 1947ರಲ್ಲಿ ಸಂವಿಧಾನ ಸಭೆಗಾಗಿ ಸಿದ್ಧಪಡಿಸಿದ ಮನವಿಯಲ್ಲೂ ಅದನ್ನು ಸೇರಿಸಿದರು. ಆದರೆ ಅವರು ಕೇಳಿದ್ದು ಸಾಗುವಳಿಗೆ ಜಮೀನಿರುವ, ಊರಿನವರ ಕೂಲಿಗೆ ಕಾಯಬೇಕಾಗಿಲ್ಲದ, ತಲೆಯೆತ್ತಿ ನಿಲ್ಲುವ ಹಳ್ಳಿಯನ್ನು. ಈ ದೇಶದ ಹಳ್ಳಿ ಸಂಕುಚಿತತೆಯ, ಜಾತೀಯತೆಯ ಗುಂಡಿಯೆಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಹೇಳಿದ ಮನುಷ್ಯ ಆ ಗುಂಡಿಯಿಂದ ಹೊರಗೆ ಬರುವ ದಾರಿ ಹುಡುಕುತ್ತಿದ್ದರು. ನಮಗೆ ಕೊಟ್ಟ ಕಾಲೋನಿಯಲ್ಲಿ ಜಮೀನಿಲ್ಲ. ಬೆಳಗಾದರೆ ಅದೇ ಊರಿನ ಹೊಲಕ್ಕೆ ಕೂಲಿಗೆ ಹೋಗಬೇಕು. ಇದು ಅಂಬೇಡ್ಕರರ ಪ್ರತ್ಯೇಕತೆಯಲ್ಲ, ಮನುವಿನ ಪ್ರತ್ಯೇಕತೆ.

ಅಳತೆಯನ್ನೂ ನೋಡಿ. ಇಪ್ಪತ್ತಡಿ ಮೂವತ್ತಡಿಯಲ್ಲಿ ಮನೆ ಕಟ್ಟಿದ ಮೇಲೆ ಹಸು ಎಲ್ಲಿ ಕಟ್ಟಬೇಕು? ರಾಗಿ ಎಲ್ಲಿ ಒಣಗಿಸಬೇಕು? ಹೆಂಗಸರು ಎಲ್ಲಿ ನೀರು ಹುಯ್ಯಿಕೊಳ್ಳಬೇಕು? ಮಗಳು ಎಲ್ಲಿ ಕೂತು ಓದಬೇಕು? ಈ ಮನೆಯಲ್ಲಿರುವವನಿಗೆ ಹಸುವೂ ಇರುವುದಿಲ್ಲ, ರಾಗಿಯೂ ಇರುವುದಿಲ್ಲ, ಪುಸ್ತಕವೂ ಇರುವುದಿಲ್ಲ ಎಂದು ಯಾರೋ ಮೊದಲೇ ತೀರ್ಮಾನಿಸಿ ಆ ಗೆರೆ ಹಾಕಿದ್ದಾರೆ. ಅರಸರ ಕಾಲದಲ್ಲಿ ಗಂಡಹೆಂಡಿರಿಗೆಂದು ಕಟ್ಟಿದ ಜನತಾ ಮನೆಯಲ್ಲಿ ಇವತ್ತು ಮೂವರು ಗಂಡುಮಕ್ಕಳ ಮೂರು ಒಲೆ ಉರಿಯುವುದನ್ನು ಯಾವ ಕೇರಿಯಲ್ಲಾದರೂ ಕಾಣಬಹುದು. ಕಾಲೋನಿಯ ಸುತ್ತ ಬೆಳೆಯಲು ಜಾಗ ಬಿಟ್ಟಿಲ್ಲ. ಊರು ಬೆಳೆಯುತ್ತದೆ, ಹೊಸ ಬಡಾವಣೆಯಾಗುತ್ತದೆ. ಕೇರಿ ಒಳಗೊಳಗೇ ಒತ್ತಿಕೊಳ್ಳುತ್ತದೆ.

ಗೋಡೆ ತಾರಸಿ ಇದ್ದಮಾತ್ರಕ್ಕೆ ಮನೆಯಾಯಿತೇ ಎಂಬುದಕ್ಕೆ ಕಂಬಾಲಪಲ್ಲಿಯೇ ಉತ್ತರ. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಹೊರಗಿನವರು ಚಿಲಕ ಹಾಕಬಹುದಾದ ಮನೆಯನ್ನು ಮನೆ ಎನ್ನಲಾಗದು. ಸೂರಿನ ಪ್ರಶ್ನೆ ಇಟ್ಟಿಗೆಯ ಪ್ರಶ್ನೆ ಮಾತ್ರವಲ್ಲ, ನೆರೆಯ ಪ್ರಶ್ನೆ, ನ್ಯಾಯದ ಪ್ರಶ್ನೆ.

ಕಾಡಂಚಿನ ಮನೆಯ ಕತೆ ಬೇರೆ. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಸೋಲಿಗರಿಗೆ ಪೋಡೇ ಊರು. ಅವರು ತಲೆಮಾರುಗಳಿಂದ ಇದ್ದ ನೆಲಕ್ಕೆ ಅವರನ್ನೇ ಅತಿಕ್ರಮಣದಾರರೆಂದು ಕರೆದದ್ದಾಯಿತು. 2006ರ ಅರಣ್ಯ ಹಕ್ಕು ಕಾಯಿದೆ ಬಂದು, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದನ್ನು ಯಾವ ಮೆಂಬರೂ ಕೊಡಿಸಲಿಲ್ಲ. ಗ್ರಾಮಸಭೆಗಳೇ ಕೂತು, ತಮ್ಮ ನಕ್ಷೆ ತಾವೇ ಬರೆದು, ಬಡಿದಾಡಿ ಪಡೆದವು. ನಕ್ಷೆ ಬರೆಯುವ ಕೈ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಇರುವ ಉದಾಹರಣೆ ಇದು.

ಹಾಗಾದರೆ ಪಂಚಾಯ್ತಿ ಚುನಾವಣೆಯಲ್ಲಿ ಈ ಪ್ರಶ್ನೆಗಳು ಏಕೆ ಏಳುವುದಿಲ್ಲ?

ಒಂದು ಕಾರಣ ಚುನಾವಣೆಯ ರೀತಿಯಲ್ಲೇ ಇದೆ. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇಲ್ಲ. ಪಕ್ಷ ಇಲ್ಲವೆಂದ ಮೇಲೆ ಪ್ರಣಾಳಿಕೆಯೂ ಇಲ್ಲ. ಪಕ್ಷಗಳು ಹಿಂದಿನ ಬಾಗಿಲಿನಿಂದ ಬಂದೇ ಬರುತ್ತವೆ, ಆದರೆ ಬರೆದ ಮಾತು ಮಾತ್ರ ಬರುವುದಿಲ್ಲ. ಬರೆದ ಮಾತಿಲ್ಲದ ಕಡೆ ಭರವಸೆ ಪಿಸುಮಾತಾಗುತ್ತದೆ. ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಮನೆ. ಒಂದು ವಾರ್ಡಿಗೆ ನಾಲ್ಕು ಮನೆ ಬಂದರೆ ನಲವತ್ತು ಕಿವಿಗಳಲ್ಲಿ ಮನೆ ಕಟ್ಟಿರುತ್ತಾರೆ. ಉಳಿದ ಮೂವತ್ತಾರು ಮಂದಿ ಮುಂದಿನ ಚುನಾವಣೆಯ ತನಕ ನಿಯತ್ತಾಗಿ ಕಾಯಬೇಕು.

ಮೀಸಲು ಸ್ಥಾನವಿದೆಯಲ್ಲ ಎನ್ನುತ್ತೀರಿ. ಇದೆ. 2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯಲ್ಲಿ ನೂರಕ್ಕೆ 25 ಜನ ಪರಿಶಿಷ್ಟ ಜಾತಿಯವರು, ಸುಮಾರು 12 ಜನ ಪರಿಶಿಷ್ಟ ಪಂಗಡದವರು. ನಮ್ಮವರು ಮೆಂಬರಾಗುತ್ತಾರೆ, ಅಧ್ಯಕ್ಷರೂ ಆಗುತ್ತಾರೆ. ಆದರೆ ನಮ್ಮವನನ್ನು ನಿಲ್ಲಿಸಿದವನು ಯಾರು, ಖರ್ಚು ಹಾಕಿದವನು ಯಾರು ಎಂದು ಕೇಳಬೇಕು. 2020ರ ಡಿಸೆಂಬರಿನ ಪಂಚಾಯ್ತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಕಡೆ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹರಾಜಿನಲ್ಲಿ ಕೂಗಲು ಕೇರಿಯವರ ಹತ್ತಿರ ಏನಿದೆ? ತನ್ನನ್ನು ನಿಲ್ಲಿಸಿದವರ ಋಣದಲ್ಲಿರುವ ಮೆಂಬರು, ಅವನ ಋಣದಲ್ಲಿರುವ ಕೇರಿ. ಕೊಂಡಿಗೆ ಕೊಂಡಿ ಸಿಕ್ಕಿಸಿದ ಸರಪಳಿ ಇದು.

ಇದರಿಂದ ರೋಸಿ ವೋಟೇ ಬೇಡ ಎನ್ನುವವರೂ ಇದ್ದಾರೆ. 2024ರ ಏಪ್ರಿಲ್ 26ರಂದು ಲೋಕಸಭೆಯ ಮತದಾನದ ದಿನ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟು ಇಲ್ಲವೆಂದು ಬಹಿಷ್ಕಾರ ಹಾಕಿದರು. ಮತಯಂತ್ರ ಒಡೆಯಿತು. 29ರಂದು ಮರುಮತದಾನವಾಯಿತು. ಆ ಸಿಟ್ಟು ನ್ಯಾಯವಾದದ್ದು. ಆದರೆ ಅವತ್ತು ಜಗಳ ನಡೆದದ್ದು ಯಾರ ನಡುವೆ? ವೋಟು ಬೇಡ ಎಂದ ಬಡವರಿಗೂ ವೋಟು ಹಾಕುತ್ತೇವೆ ಎಂದ ಬಡವರಿಗೂ. ರಸ್ತೆ ಮಾಡಿಸಬೇಕಾದವರ ಕೂದಲೂ ಕೊಂಕಲಿಲ್ಲ.

ವೋಟಿಗೆ ಬೆಲೆಯೇ ಇಲ್ಲವೆಂದು ನಮ್ಮ ಸೀಮೆಯವರು ಹೇಳಲಾಗದು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಿಂದ. ಸೋತವರ ಕಾರು ಓಡಿಸುತ್ತಿದ್ದವನಿಗೇ ಅವತ್ತು ವೋಟು ಹಾಕಲು ಬಿಡುವು ಸಿಗಲಿಲ್ಲವೆಂದು ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ದುಡಿಯುವವನ ಕೈಯಲ್ಲಿ ಒಂದು ವೋಟಿದೆ ಎಂಬುದೇ ಒಡೆಯರಿಗೆ ಮರೆತುಹೋಗುತ್ತದೆ. ನಮಗೂ ಮರೆತುಹೋಗಬೇಕೇ?

ಒಂದು ಊರಿನ ಸಭೆ ಮನಸ್ಸು ಮಾಡಿದರೆ ಏನು ಮಾಡಬಹುದು ಎಂಬುದಕ್ಕೆ ದೂರದ ನಿದರ್ಶನ ಒಂದು ಹೇಳುತ್ತೇನೆ. 1919ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರಸಭೆಯನ್ನು ಕೂಲಿಕಾರರ ಪಕ್ಷ ಗೆದ್ದಿತು. 1923ರಿಂದ ಮನೆಗಳ ಮೇಲೆ, ದೊಡ್ಡವರ ಮನೆಗೆ ಹೆಚ್ಚು ಬೀಳುವಂತೆ, ತೆರಿಗೆ ಹಾಕಿ, ಆ ದುಡ್ಡಿನಲ್ಲಿ 1934ರ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿತು. ಯಾರಿಗೆ ಮನೆ ಎಂಬುದನ್ನು ಅವರವರ ಅಗತ್ಯಕ್ಕೆ ಅಂಕ ಕೊಟ್ಟು ಗೊತ್ತುಮಾಡುತ್ತಿದ್ದರು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೆಸರಿನ ವಸತಿ ಸಮುಚ್ಚಯ ಒಂದು ಕಿಲೋಮೀಟರಿಗೂ ಉದ್ದ. ಅದರಲ್ಲಿ ಬಟ್ಟೆ ಒಗೆಯುವ ಮನೆ, ಮಕ್ಕಳ ಶಾಲೆ, ಪುಸ್ತಕಾಲಯ, ಅಂಗಳ ಎಲ್ಲವೂ ಇದ್ದವು. 1934ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಸರ್ಕಾರ ಆ ಮನೆಗಳ ಮೇಲೆ ಫಿರಂಗಿ ಹಾರಿಸಿತು. ಬಡವರ ಮನೆ ಭಿಕ್ಷೆಯಾಗಿರುವ ತನಕ ಯಾರಿಗೂ ತೊಂದರೆಯಿಲ್ಲ. ಅದು ಹಕ್ಕಾಗಿ ನಿಂತಾಗಲೇ ಫಿರಂಗಿ ಬರುವುದು.

ಈಗ ಕೊನೆಯ ಪ್ರಶ್ನೆ. ಋಣವನ್ನು ಬಿಟ್ಟುಬಿಟ್ಟರೆ ಮನುಷ್ಯತ್ವ ಉಳಿಯುತ್ತದೆಯೇ? ಉಪಕಾರ ಸ್ಮರಣೆ ಇಲ್ಲದ ಜನ ನಾವಾಗಬೇಕೇ?

ಬೇಡ. ಕೌದಳ್ಳಿಯ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುತ್ತದೆ. ಬಿಸಿಲಲ್ಲಿ ನಡೆದು ಬರುವವರಿಗೆ ದಾರಿಯುದ್ದಕ್ಕೂ ಜನ ನೀರು, ಮಜ್ಜಿಗೆ ಕೊಡುತ್ತಾರೆ. ಕುಡಿದವನು ಉಘೇ ಎಂದು ಮುಂದೆ ಹೋಗುತ್ತಾನೆ. ಕೊಟ್ಟವನು ಲೆಕ್ಕ ಬರೆಯುವುದಿಲ್ಲ. ನಮ್ಮ ನೆಲದಲ್ಲಿ ಕೊಡುವುದಕ್ಕೆ ಈ ದಾರಿಯೂ ಇದೆ. ತಾರಸಿ ಹಾಕುವ ದಿನ ಕೂಲಿ ಬಿಟ್ಟು ಬಂದು ಕಾಂಕ್ರೀಟು ಹೊತ್ತ ನೆರೆಯವನ ಋಣ ಇರಲಿ. ಬಿಲ್ಲಿಗೆ ಅಲೆದಾಗ ಕಾಗದ ಓದಿ ಹೇಳಿದ ಹುಡುಗನ ಋಣ ಇರಲಿ. ಅವರ ಕಷ್ಟಕ್ಕೆ ಹೋಗಿ ನಿಂತರೆ ಆ ಋಣ ತೀರುತ್ತದೆ. ವೋಟಿನಿಂದ ತೀರುವ ಋಣ ಯಾವುದೂ ಇಲ್ಲ.

ಏಕೆಂದರೆ ಅವ್ವ, ಆ ವೋಟು ನಿನ್ನೊಬ್ಬಳದೇ ಅಲ್ಲ. ನಿನಗೆ ಮನೆ ಸಿಕ್ಕಿದೆ. ನಿನ್ನ ಮನೆಯ ಹಿಂದಿನ ಗುಡಿಸಲಿನಲ್ಲಿ ತಾರ್ಪಾಲಿನ ಕೆಳಗೆ ಒಬ್ಬಳು ಕೂತಿದ್ದಾಳೆ. ಅವಳ ಹೆಸರು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕಾದರೆ, ಪಟ್ಟಿ ಜೇಬಿನಿಂದ ಹೊರಗೆ ಬರಬೇಕಾದರೆ, ಒಳ್ಳೆಯ ಜಾಗದ ಸರ್ವೆ ನಂಬರು ಕೇಳಬೇಕಾದರೆ ಬೇಕಾಗಿರುವುದು ನಿನ್ನ ವೋಟು. ಅದನ್ನು ನೀನು ಋಣಕ್ಕೆಂದು ಕೊಟ್ಟರೆ ತೀರಿಸಿದ್ದು ನಿನ್ನ ಸಾಲವನ್ನು, ಅಡವಿಟ್ಟದ್ದು ಅವಳ ಸೂರನ್ನು. ಇದು ಧರ್ಮವೇ ಎಂದು ನಿನ್ನ ಎದೆಯನ್ನೇ ಕೇಳಿಕೋ. ಮಾದಪ್ಪ ಮೆಚ್ಚುವುದು ಯಾವುದನ್ನು ಎಂದೂ ಕೇಳಿಕೋ.

ಮುಂದಿನ ಸಲ ವೋಟು ಕೇಳಿ ಬಂದವರನ್ನು ಚಾವಡಿಯಲ್ಲಿ ಎಲ್ಲರ ಎದುರಿಗೆ ಕೂರಿಸೋಣ. ಕಿವಿಯಲ್ಲಿ ಹೇಳುವ ಮಾತನ್ನು ಕಾಗದದ ಮೇಲೆ ಬರೆಸೋಣ. ಎಷ್ಟು ಮನೆ? ಯಾವ ಸರ್ವೆ ನಂಬರು? ಊರಿನ ಯಾವ ದಿಕ್ಕು? ಎಷ್ಟು ಅಳತೆ? ಹಕ್ಕುಪತ್ರದಲ್ಲಿ ಹೆಂಗಸಿನ ಹೆಸರು ಇರುತ್ತದೆಯೇ? ಖಾತೆ ಎಂದು ಆಗುತ್ತದೆ? ಚರಂಡಿ ಯಾವ ಕಡೆಗೆ ಹರಿಯುತ್ತದೆ? ಗ್ರಾಮಸಭೆ ಯಾವ ದಿನ, ಪಟ್ಟಿ ಓದುವವರು ಯಾರು? ಉತ್ತರ ಬರೆದು ರುಜು ಹಾಕಲಿ. ಆ ಕಾಗದ ಕೇರಿಯಲ್ಲಿರಲಿ, ಐದು ವರ್ಷ. ಆಮೇಲೆ ಯಾರು ಯಾರಿಗೆ ಬಾಕಿ ಎಂದು ನಾವೇ ಓದಿ ಹೇಳೋಣ.